ರೈತರ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಿಗೊಬ್ಬರು ಪಾಯಿಂಟ್ ಕೊಡುವುದು: ನಿಯಮ, ಲೆಕ್ಕ, ಕೆಡುವ ಜಾಗಗಳು

ಮೆಕ್ಕೆಜೋಳಕ್ಕೆ ಸೈನಿಕ ಹುಳು ಬಿದ್ದಿದೆ ಎಂದು ಜಗಳೂರಿನ ಕಡೆಯಿಂದ ಯಾರಾದರೂ ಗುಂಪಿಗೆ ಫೋಟೊ ಹಾಕಿದರೆ ಉತ್ತರಗಳಿಗೇನೂ ಬರವಿಲ್ಲ. ಆದರೆ ಹೆಚ್ಚಿನವು ‘ಔಷಧಿ ಹೊಡೀರಿ’ ಎನ್ನುವಲ್ಲಿಗೇ ಮುಗಿದಿರುತ್ತವೆ. ಯಾವ ಔಷಧಿ, ಲೀಟರಿಗೆ ಎಷ್ಟು, ಸುಳಿಯೊಳಗೆ ಬೀಳುವಂತೆ ಹೊಡೆಯುವುದು ಹೇಗೆ, ಬಿಸಿಲೇರಿದ ಮೇಲೆ ಯಾಕೆ ಬೇಡ ಎಂದು ಪೂರ್ತಿ ಬರೆಯುವವರು ಇಬ್ಬರೋ ಮೂವರೋ. ಅವರ ಮಾತು ಶುಭೋದಯದ ಚಿತ್ರಗಳ ಕೆಳಗೆ ಹೂತು ಹೋಗುತ್ತದೆ. ನಾಲ್ಕು ಸಲ ಹೀಗಾದರೆ ಅವರೂ ಸುಮ್ಮನಾಗುತ್ತಾರೆ. ಗುಂಪಿಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಸದಸ್ಯರೇ ಒಬ್ಬರಿಗೊಬ್ಬರು ಪಾಯಿಂಟ್ ಕೊಡುವ ಪದ್ಧತಿ ಇದನ್ನು ತಡೆಯುತ್ತದೆ, ಆದರೆ ಅದನ್ನು ಬಿಗಿಯಾಗಿ ಕಟ್ಟಿದರೆ ಮಾತ್ರ.

ಬಿಗಿ ಎಂದರೆ ಮೊದಲನೆಯದಾಗಿ ಮಿತಿ. ಕೊಡುವವರ ಕೈಯಲ್ಲಿ ಪಾಯಿಂಟ್ ಕಡಿಮೆ ಇದ್ದರಷ್ಟೇ ಅದಕ್ಕೆ ಬೆಲೆ. ವಾಟ್ಸಾಪಿನ ಹೆಬ್ಬೆರಳಿನ ಗುರುತು ಈ ಕೆಲಸಕ್ಕೆ ಬಾರದಿರುವುದು ಇದೇ ಕಾರಣಕ್ಕೆ. ಅದನ್ನು ಒತ್ತುವುದಕ್ಕೆ ಖರ್ಚಿಲ್ಲ, ಬೇಕೆಂದಾಗ ತೆಗೆದುಬಿಡಬಹುದು, ಲೆಕ್ಕ ಹಾಕಲು ಒಂದೊಂದೇ ಮೆಸೇಜ್ ತೆರೆದು ನೋಡಬೇಕು.

200ರಿಂದ 300 ಜನರ ಗುಂಪಿಗೆ ಈ ಅಳತೆ ಸಾಕಾಗುತ್ತದೆ: ತಿಂಗಳ 1ನೇ ತಾರೀಖು ಪ್ರತಿಯೊಬ್ಬರಿಗೂ 10 ಪಾಯಿಂಟ್. ಒಂದು ಉತ್ತರಕ್ಕೆ ಒಬ್ಬರು ಕೊಡಬಹುದಾದದ್ದು ಹೆಚ್ಚೆಂದರೆ 3. ಒಬ್ಬರು ಒಬ್ಬರೇ ವ್ಯಕ್ತಿಗೆ ತಿಂಗಳಿಗೆ ಒಟ್ಟು ಕೊಡಬಹುದಾದದ್ದೂ ಹೆಚ್ಚೆಂದರೆ 3. ತಮಗೆ ತಾವೇ ಕೊಟ್ಟುಕೊಳ್ಳುವಂತಿಲ್ಲ. ಉಳಿದದ್ದು ತಿಂಗಳ ಕೊನೆಗೆ ರದ್ದು. 100 ಪಾಯಿಂಟ್ ಕೊಟ್ಟು ನೋಡಿ, ಜನ ಮಂಡಕ್ಕಿ ಎರಚಿದಂತೆ ಎಲ್ಲರಿಗೂ ಎರಚುತ್ತಾರೆ. 3 ಮಾತ್ರ ಕೊಟ್ಟರೆ ‘ಇರಲಿ, ಮುಂದೆ ಬೇಕಾದೀತು’ ಎಂದು ಯಾರೂ ಬಿಚ್ಚುವುದಿಲ್ಲ. ರದ್ದಾಗುವ ನಿಯಮ ಕಠಿಣ ಅನ್ನಿಸಬಹುದು, ಆದರೂ ಬಿಡಬೇಡಿ. ಉಳಿಸಿಕೊಳ್ಳಲು ಬಿಟ್ಟರೆ ಆರು ತಿಂಗಳಲ್ಲಿ ಒಬ್ಬೊಬ್ಬರ ಬಳಿ 50-60 ಸೇರಿ, ಪಾಯಿಂಟಿನ ಬೆಲೆಯೇ ಬಿದ್ದುಹೋಗುತ್ತದೆ.

ಯಾವ ಉತ್ತರಕ್ಕೆ ಎಷ್ಟು

ಇಲ್ಲಿ ಅವಸರ ಮಾಡಬಾರದು. ಬೇಸಾಯದ ಸಲಹೆ ಸರಿಯೋ ತಪ್ಪೋ ಎನ್ನುವುದು ಓದಿದ ಕೂಡಲೇ ಗೊತ್ತಾಗುವುದಿಲ್ಲ. ಹನಿ ನೀರಾವರಿ ಪೈಪು ಕಟ್ಟಿಕೊಂಡಿದ್ದರೆ ಅದೇ ಸಂಜೆ ತಿಳಿಯುತ್ತದೆ. ಸೈನಿಕ ಹುಳುವಿಗೆ ಕೆಲವು ದಿನ ಬೇಕು. ದಾಳಿಂಬೆಯ ದುಂಡಾಣು ಅಂಗಮಾರಿ ರೋಗಕ್ಕೆ ವಾರಗಳೇ ಬೇಕು. ಹಾಗಾಗಿ ಪಾಯಿಂಟನ್ನು ಎರಡು ಕಂತು ಮಾಡಿ. ಉತ್ತರ ಪೂರ್ತಿಯಾಗಿದೆ, ಮಾಡಿ ನೋಡಬಹುದು ಅನ್ನಿಸಿದರೆ ಆಗಲೇ 1. ಹೊಲದಲ್ಲಿ ಮಾಡಿ, ಏನಾಯಿತೆಂದು ಫೋಟೊ ಸಮೇತ ಗುಂಪಿಗೆ ಹೇಳಿದ ಮೇಲೆ ಉಳಿದ 2. ಎರಡನೇ ಕಂತು ಬೇರೆ ತಿಂಗಳಿಗೆ ಬಿದ್ದರೆ ಆ ತಿಂಗಳ ಖಾತೆಯಿಂದಲೇ ಕೊಡಲಿ. ಈ ಒಂದು ನಿಯಮದಿಂದ ಗುಂಪಿಗೆ ಫಲಿತಾಂಶದ ದಾಖಲೆಯೂ ಸಿಗುತ್ತದೆ. ಪಾಯಿಂಟಿಗಿಂತ ಅದೇ ಹೆಚ್ಚು ಬಾಳುವ ಆಸ್ತಿ.

ಪೂರ್ತಿ ಉತ್ತರ ಹೇಗಿರಬೇಕು ಎಂಬುದಕ್ಕೆ ಒಂದು ಮಾದರಿಯನ್ನು ಗುಂಪಿನ ಮುಂದಿಡಿ. ಹಿರಿಯೂರು, ಹೊಸದುರ್ಗದ ದಾಳಿಂಬೆಯವರು ಪ್ರೂನಿಂಗ್ (ಕೊಂಬೆ ಸವರುವುದು) ಆದಮೇಲೆ ರೋಗ ತಡೆಯುವ ಬೋರ್ಡೋ ದ್ರಾವಣ ಮಾಡುವುದು ಹೇಗೆಂದು ಕೇಳುತ್ತಾರೆ. ‘ಬೋರ್ಡೋ ಹೊಡೀರಿ’ ಎಂದರೆ ಸೊನ್ನೆ. ಶೇ. 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಟ್ಟ ಸುಣ್ಣ ಇನ್ನೊಂದು 50 ಲೀಟರ್ ನೀರಿನಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಕುಡುಗೋಲಿನ ತುದಿ ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಅಂಟಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಅದೇ ದಿನ ಹೊಡೆದು ಮುಗಿಸಬೇಕು. ಹೀಗೆ ಬರೆದವರಿಗೆ ಮೊದಲ ಕಂತು ಕೊಡಲು ಯೋಚಿಸಬೇಕಿಲ್ಲ.

ಒಳ್ಳೆಯ ಪ್ರಶ್ನೆಗೂ 1 ಪಾಯಿಂಟ್ ಇಡಿ. ಬೆಳೆಯ ವಯಸ್ಸು, ಮಣ್ಣು ಎರೆಯೋ ಕೆಂಪೋ, ಹಿಂದೆ ಹೊಡೆದ ಔಷಧಿ, ಎಲೆಯ ಎರಡೂ ಮಗ್ಗುಲಿನ ಫೋಟೊ ಹಾಕಿ ಕೇಳಿದವರ ಪ್ರಶ್ನೆಯಿಂದ ನೂರು ಜನ ಕಲಿಯುತ್ತಾರೆ. ಶುಭಾಶಯ, ಫಾರ್ವರ್ಡ್ ಮೆಸೇಜ್, ಮಾರುಕಟ್ಟೆ ದರದ ಪಟ್ಟಿಗೆ ಪಾಯಿಂಟ್ ಬೇಡ.

ಕೊಡುವ ವಿಧಾನ

ಯಾವ ಉತ್ತರಕ್ಕೆ ಕೊಡುತ್ತಿದ್ದೀರೋ ಆ ಮೆಸೇಜಿಗೇ ರಿಪ್ಲೈ ಮಾಡಿ, ‘ಪಾಯಿಂಟ್ 1 – ಸದಸ್ಯ 84 – ಅಳತೆ ಸರಿಯಾಗಿ ಬರೆದರು’ ಎಂದು ಹಾಕಬೇಕು. ಕಾರಣವಿಲ್ಲದ ಪಾಯಿಂಟ್ ಖಾತೆಗೆ ಹತ್ತುವುದಿಲ್ಲ. ಹೆಸರಿನ ಬದಲು ಸದಸ್ಯ ಸಂಖ್ಯೆ ಯಾಕೆಂದರೆ, ಚಳ್ಳಕೆರೆ ಕಡೆಯ ಯಾವ ಗುಂಪಿನಲ್ಲೂ ತಿಪ್ಪೇಸ್ವಾಮಿಗಳು ಒಬ್ಬರಿಗಿಂತ ಹೆಚ್ಚು ಇರುತ್ತಾರೆ, ದಾವಣಗೆರೆ ಕಡೆ ಬಸವರಾಜಪ್ಪನವರು. ಹೆಸರು ನಂಬಿ ಬರೆದರೆ ಒಬ್ಬರ ಪಾಯಿಂಟ್ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ವಯಸ್ಸಾದವರು ಟೈಪ್ ಮಾಡುವ ಬದಲು ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಅದನ್ನೂ ಒಪ್ಪಿಕೊಳ್ಳಿ, ಕೇಳಿ ಬರೆದುಕೊಳ್ಳಿ. ಅವರನ್ನು ಹೊರಗಿಟ್ಟರೆ ಅನುಭವವನ್ನೇ ಹೊರಗಿಟ್ಟಂತೆ.

ನಿಯಮಗಳನ್ನು ಗುಂಪಿನ ವಿವರಣೆಯಲ್ಲಿ ಬರೆದು, ಒಂದು ಮೆಸೇಜಾಗಿ ಪಿನ್ ಕೂಡ ಮಾಡಿ. ಪಿನ್ 30 ದಿನದವರೆಗೆ ನಿಲ್ಲುತ್ತದೆ, ತಿಂಗಳ ಆರಂಭದಲ್ಲಿ ಮತ್ತೆ ಹಾಕಿದರಾಯಿತು.

ಲೆಕ್ಕದ ಹಾಳೆ

ಗೂಗಲ್ ಶೀಟ್ಸ್ ಸಾಕು, ಬೇರೆ ಆ್ಯಪ್ ಬೇಡ. ಮೊದಲ ಹಾಳೆಯಲ್ಲಿ ಸದಸ್ಯ ಸಂಖ್ಯೆ, ಹೆಸರು, ತಾಲ್ಲೂಕು. ಫೋನ್ ನಂಬರನ್ನು ಇಲ್ಲಿ ಬರೆಯಲೇಬೇಡಿ, ಯಾಕೆಂದರೆ ಈ ಹಾಳೆಯ ಲಿಂಕು ಎಲ್ಲರಿಗೂ ಹೋಗುತ್ತದೆ. ಎರಡನೇ ಹಾಳೆಯಲ್ಲಿ ದಿನಾಂಕ, ಕೊಟ್ಟವರು, ಪಡೆದವರು, ಪಾಯಿಂಟ್, ಕಾರಣ, ಬೆಳೆ ಎಂದು ಆರು ಕಂಬ. ಕೊಟ್ಟವರು, ಪಡೆದವರು ಎಂಬಲ್ಲಿ ಸಂಖ್ಯೆ ಟೈಪ್ ಮಾಡುವ ಬದಲು ಡ್ರಾಪ್‌ಡೌನ್ (ಪಟ್ಟಿಯಿಂದ ಆರಿಸುವ ಸೌಲಭ್ಯ) ಇಟ್ಟರೆ ಇಲ್ಲದ ಸಂಖ್ಯೆ ಒಳಗೆ ಬರುವುದಿಲ್ಲ. ತಿಂಗಳಲ್ಲಿ ಯಾರು ಎಷ್ಟು ಕೊಟ್ಟರು, ಯಾರಿಗೆ ಎಷ್ಟು ಬಂತು ಎಂಬ ಎರಡೂ ಲೆಕ್ಕಕ್ಕೆ, ಬೇಕಾದ ಸಾಲುಗಳನ್ನಷ್ಟೇ ಕೂಡುವ ಸಮ್‌ಇಫ್ಸ್ (SUMIFS) ಸೂತ್ರ ಸಾಕು. 10ರಲ್ಲಿ ಕೊಟ್ಟದ್ದನ್ನು ಕಳೆದರೆ ಉಳಿಕೆ. ಲಿಂಕನ್ನು ‘ನೋಡಲು ಮಾತ್ರ’ ಎಂದು ಹಂಚಿ, ತಿದ್ದುವ ಹಕ್ಕು ಇಬ್ಬರಿಗೇ ಇರಲಿ. ಒಬ್ಬರಿಗೇ ಕೊಟ್ಟರೆ ಅವರು ಅಡಿಕೆ ಕೊಯ್ಲಿಗೆ ಇಳಿದ ತಿಂಗಳು ಖಾತೆ ನಿಂತುಹೋಗುತ್ತದೆ. ಭಾನುವಾರ ಸಂಜೆ ಒಂದು ಸಲ ಬರೆದರೆ ಸಾಕು. ವಾರಕ್ಕೆ 100 ಸಾಲು ಬಂದರೂ ಸಾಲಿಗೆ ಅರ್ಧ ನಿಮಿಷದಂತೆ 50 ನಿಮಿಷದ ಕೆಲಸ.

ಹೆಚ್ಚು ಪಾಯಿಂಟ್ ಪಡೆದವರ ಪಟ್ಟಿ ಮಾಡುವಾಗ ಒಟ್ಟು ಪಾಯಿಂಟ್ ನೋಡಿ ಮೇಲೆ ಕೆಳಗೆ ಮಾಡಬೇಡಿ. ಎಷ್ಟು ಬೇರೆ ಬೇರೆ ಜನ ಕೊಟ್ಟರು ಎಂಬುದನ್ನು ನೋಡಿ. ಇದಕ್ಕೆ ಕೌಂಟ್‌ಯುನಿಕ್‌ಇಫ್ಸ್ (COUNTUNIQUEIFS) ಎಂಬ ಸೂತ್ರವಿದೆ. ಅಣ್ಣತಮ್ಮಂದಿರು ನಾಲ್ವರು ಸೇರಿ ಕೊಟ್ಟ 12 ಪಾಯಿಂಟಿಗಿಂತ ಒಂಬತ್ತು ಊರಿನ ಒಂಬತ್ತು ಜನ ಕೊಟ್ಟ 9 ದೊಡ್ಡದು. ಪಟ್ಟಿ ಕಳೆದ 3 ತಿಂಗಳಿನದ್ದು ಮಾತ್ರ ಇರಲಿ, ಬೆಳೆವಾರು ಇರಲಿ. ಇಲ್ಲದಿದ್ದರೆ ಮೊದಲು ಸೇರಿದವರೇ ಸದಾ ಮೇಲೆ ಕೂರುತ್ತಾರೆ, ಚನ್ನಗಿರಿಯ ಅಡಿಕೆಯವರ ಸಂಖ್ಯೆಯ ಮುಂದೆ ಚಳ್ಳಕೆರೆಯ ಶೇಂಗಾದವರು ಕಾಣುವುದೇ ಇಲ್ಲ.

ಎಲ್ಲಿ ಕೆಡುತ್ತದೆ

‘ನೀನು ನನಗೆ ಕೊಡು, ನಾನು ನಿನಗೆ ಕೊಡ್ತೀನಿ’ ಎಂಬುದು ಮೊದಲ ಕಾಯಿಲೆ. ತಿಂಗಳಿಗೊಮ್ಮೆ ಅದೇ ಹಾಳೆಯಲ್ಲಿ ಪಿವಟ್ ಟೇಬಲ್ (ಸಾಲುಗಳನ್ನು ತಾನೇ ಕೂಡಿ ತೋರಿಸುವ ಕೋಷ್ಟಕ) ಹಾಕಿ, ಅಡ್ಡ ಸಾಲಿಗೆ ಕೊಟ್ಟವರು, ಉದ್ದ ಸಾಲಿಗೆ ಪಡೆದವರು ಎಂದು ಜೋಡಿಸಿ. ಎರಡೂ ದಿಕ್ಕಿನಲ್ಲಿ 3-3 ಬಿದ್ದ ಜೋಡಿ ಎರಡು ತಿಂಗಳು ಸತತ ಕಂಡರೆ ಕಾರಣಗಳನ್ನು ಓದಿ ನೋಡಿ. ಕಾರಣ ಪೊಳ್ಳಾಗಿದ್ದರೆ ಆ ಪಾಯಿಂಟ್ ರದ್ದು ಮಾಡಿ, ಇಬ್ಬರಿಗೂ ಖಾಸಗಿಯಾಗಿ ಹೇಳಿ. ಗುಂಪಿನಲ್ಲಿ ಹೆಸರು ಎತ್ತಿದರೆ ವಿಷಯ ಊರ ಕಟ್ಟೆಗೆ ಹೋಗುತ್ತದೆ.

ಗೊಬ್ಬರದ ಅಂಗಡಿಯವರು ಗುಂಪಿನಲ್ಲಿರಲಿ, ಅವರಿಗೆ ಗೊತ್ತಿರುವುದು ಬಹಳ. ಆದರೆ ತಾವು ಮಾರುವ ಸರಕನ್ನು ಹೆಸರಿಸಿದ ಉತ್ತರಕ್ಕೆ ಪಾಯಿಂಟ್ ಇಲ್ಲವೆಂದು ಮೊದಲೇ ಬರೆದಿಡಿ.

ಪಾಯಿಂಟ್ ಕಳೆಯುವ ಪದ್ಧತಿ ಬೇಡ. 2008ರಲ್ಲಿ ಶುರುವಾದ, ಕಂಪ್ಯೂಟರ್ ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಉತ್ತರಕ್ಕೆ ವಿರುದ್ಧ ಮತ ಬಿದ್ದರೆ ಬರೆದವರಿಗೆ 2 ಕಳೆಯುತ್ತದೆ, ಹಾಕಿದವರಿಗೂ 1 ಕಳೆಯುತ್ತದೆ. ಪರಸ್ಪರ ಮುಖ ನೋಡದ ಪ್ರೋಗ್ರಾಮರುಗಳಿಗೆ ಅದು ನಡೆಯುತ್ತದೆ. ಸಂತೆಯಲ್ಲಿ, ಮದುವೆಯಲ್ಲಿ ಎದುರಾಗುವ ಜನಕ್ಕೆ ನಡೆಯುವುದಿಲ್ಲ. ಬದಲಿಗೆ, ತಪ್ಪು ಅಳತೆಯನ್ನು ತಿದ್ದಿದವರಿಗೆ ಪಾಯಿಂಟ್ ಕೊಡಿ, ತನ್ನ ತಪ್ಪನ್ನು ತಾನೇ ತಿದ್ದಿಕೊಂಡವರಿಗೂ ಕೊಡಿ. ಔಷಧಿಯ ಅಳತೆಯಲ್ಲಿ ಮಾತ್ರ ಪಾಯಿಂಟನ್ನೇ ಪುರಾವೆಯೆಂದು ನಂಬಬೇಡಿ. ಇಪ್ಪತ್ತು ಜನ ಮೆಚ್ಚಿದ ಅಳತೆಯೂ ತಪ್ಪಿರಬಹುದು. ಡಬ್ಬಿಯ ಮೇಲಿನ ಚೀಟಿ ನೋಡಿ. ಅನುಮಾನವಿದ್ದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರಿನವರಿಗೆ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಇದೆ.

ಅದೇ ಸ್ಟ್ಯಾಕ್ ಓವರ್‌ಫ್ಲೋದಿಂದ ತೆಗೆದುಕೊಳ್ಳಬೇಕಾದ್ದು ಒಂದಿದೆ. ಅಲ್ಲಿ ಉತ್ತರ ಸಿಗದ ಪ್ರಶ್ನೆಗೆ, ಸಾಕಷ್ಟು ಪಾಯಿಂಟ್ ಇರುವ ಯಾರು ಬೇಕಾದರೂ ತಮ್ಮ ಪಾಯಿಂಟಿನಿಂದಲೇ 50ರಿಂದ 500ರವರೆಗೆ ಬಹುಮಾನ ಇಡಬಹುದು, ಇಟ್ಟದ್ದು ವಾಪಸ್ ಬರುವುದಿಲ್ಲ. ನಮ್ಮ ಅಳತೆಗೆ, 48 ಗಂಟೆ ಉತ್ತರ ಬಾರದ ಪ್ರಶ್ನೆಗೆ ಕೇಳಿದವರು 5 ಪಾಯಿಂಟ್ ಇಡಲಿ. ಇದೊಂದಕ್ಕೆ ಮಾತ್ರ 3ರ ಮಿತಿ ಬೇಡ.

ಪಾಯಿಂಟನ್ನು ದುಡ್ಡಿಗೆ, ರೀಚಾರ್ಜಿಗೆ ಬದಲಾಯಿಸಬೇಡಿ. ಆ ದಿನದಿಂದಲೇ ಅದು ವ್ಯಾಪಾರ. ಮೇಲೆ ಬಂದವರನ್ನು ಆ ಬೆಳೆಯ ಸಲಹೆಗಾರರೆಂದು ಗುಂಪಿನ ವಿವರಣೆಯಲ್ಲಿ ಮೂರು ತಿಂಗಳು ಹೆಸರಿಸಿ, ವಿಜ್ಞಾನಿಗಳು ಬಂದಾಗ ಮೊದಲ ಪ್ರಶ್ನೆ ಅವರಿಗೆ ಬಿಡಿ. ಅಡ್ಮಿನ್‌ಗಳು ಪಾಯಿಂಟ್ ಪಡೆಯಲಿ, ಪಟ್ಟಿಯಲ್ಲಿ ಬೇಡ.

ಮುಂಗಾರು ಬಿತ್ತನೆಗೆ ಮುಂಚೆ, ಮೇ ತಿಂಗಳಲ್ಲಿ 25-30 ಜನರಲ್ಲೇ ನಡೆಸಿ ನೋಡಿ. ತಿಂಗಳ ಕೊನೆಗೆ ಅರ್ಧಕ್ಕಿಂತ ಹೆಚ್ಚು ಪಾಯಿಂಟ್ ರದ್ದಾಗಿದ್ದರೆ ಕೊಡುವ ವಿಧಾನ ಜನಕ್ಕೆ ತೊಡಕಾಗಿದೆ. ಮೆಸೇಜಿನ ಮಾದರಿ ಚಿಕ್ಕದು ಮಾಡಿ. ಮೊದಲ ವಾರದಲ್ಲೇ ಎಲ್ಲರ ಕೈ ಖಾಲಿಯಾಗಿದ್ದರೆ ಕಾರಣಗಳು ಸಡಿಲವಾಗಿವೆ. ಮಾದರಿ ಉತ್ತರವನ್ನು ಮತ್ತೊಮ್ಮೆ ಪಿನ್ ಮಾಡಿ, 10ನ್ನು ಹೆಚ್ಚಿಸಬೇಡಿ.