ಒದ್ದೆ ಟವೆಲ್ ಎಲ್ಲಿ ಒಣಗಿಸೋದು?

ನನ್ನ ಮೊದಲ ಸ್ಕ್ರಿಪ್ಟ್ ಶುರುವಾಗುತ್ತಿದ್ದದ್ದು ಹೀಗೆ: ರಾತ್ರಿ. ಮಳೆ. ಫುಟ್‌ಪಾತ್. ಹರಿದ ಕಂಬಳಿ ಹೊದ್ದು ಮಲಗಿದ ಹುಡುಗ. ಮುಖದ ತುಂಬ ಕೊಳೆ.

ಇಪ್ಪತ್ತೆರಡು ನಿಮಿಷದ ಕಿರುಚಿತ್ರ. ಮನೆಯಿಲ್ಲದ ಹದಿನೇಳು ವರ್ಷದ ಹುಡುಗನ ಕತೆ. ಬರೆದು ಮುಗಿಸಿದ ದಿನ ನನಗೆ ಭಾರಿ ಖುಷಿ. ಓದಿದವರೆಲ್ಲ ಚೆನ್ನಾಗಿದೆ ಅಂದರು, ಒಬ್ಬನನ್ನು ಬಿಟ್ಟು.

ಅವನಿಗೆ ಆಗ ಹತ್ತೊಂಬತ್ತು. ಎರಡು ವರ್ಷ ಮನೆಯಿಲ್ಲದೆ ಕಳೆದವನು. ನಾನು ನೋಡುವ ಹೊತ್ತಿಗೆ ಒಂದು ಕೆಲಸ ಸಿಕ್ಕಿತ್ತು, ಒಂದು ರೂಮೂ ಆಗಿತ್ತು. ಇಂಥ ಹುಡುಗರ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳು ಪರಿಚಯ ಮಾಡಿಸಿದ್ದಳು. ಎಲ್ಲೂ ಹೆಸರು ಹಾಕಬೇಡಿ ಅಂದಿದ್ದಾನೆ, ಹಾಗಾಗಿ ಇಲ್ಲೂ ಬರೀ ‘ಅವನು’. ಮೊದಲ ಪುಟ ಓದಿ ತಲೆ ಎತ್ತಿದ.

“ಅಕ್ಕಾ, ಇವನ ಮುಖಕ್ಕೆ ಯಾಕೆ ಇಷ್ಟು ಕೊಳೆ?”

“ಮನೆಯಿಲ್ಲ ಅಂತ ನೋಡೋರಿಗೆ ಗೊತ್ತಾಗಬೇಕಲ್ಲ” ಅಂದೆ.

“ಗೊತ್ತಾಗದ ಹಾಗೆ ನೋಡ್ಕೊಳ್ಳೋದೇ ನಮಗೆ ದಿನವೆಲ್ಲ ಕೆಲಸ. ಗೊತ್ತಾದ್ರೆ ಎಬ್ಬಿಸಿ ಕಳಿಸ್ತಾರೆ.”

ಆ ಸ್ಕ್ರಿಪ್ಟ್ ಅಲ್ಲಿಗೆ ಮುಗಿಯಿತು.

ಆಮೇಲೆ ಕೂತು ಯೋಚಿಸಿದೆ. ಈ ಕೊಳೆ ಮುಖ ನನ್ನ ತಲೆಗೆ ಎಲ್ಲಿಂದ ಬಂತು? ಸಿನಿಮಾದಿಂದ, ಮತ್ತೆಲ್ಲಿಂದ! ಡಿ ಸಿಕಾನ ‘ಶೂಶೈನ್’ 1946ರದು, ಬುನ್ಯುಯೆಲ್‌ನ ‘ಲಾಸ್ ಒಲ್ವಿದಾದೋಸ್’ 1950ರದು, ಮೀರಾ ನಾಯರ್ ಅವರ ‘ಸಲಾಂ ಬಾಂಬೆ’ 1988ರದು. ಒಂದೊಂದನ್ನೂ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅವು ಸುಳ್ಳು ಅಂತ ಹೇಳುತ್ತಿಲ್ಲ. ಆ ಕತೆಗಳ ಹುಡುಗರು ಬೀದಿಯಲ್ಲೇ ದಿನ ಕಳೆಯುವವರು, ಎಲ್ಲರ ಕಣ್ಣಿಗೆ ಬೀಳುವವರು. ನಾನು ಬರೆಯಹೊರಟಿದ್ದು ಬೇರೆ ಥರದ ಹುಡುಗ. ವಾರಕ್ಕೊಬ್ಬ ಗೆಳೆಯನ ಮನೆ ಸೋಫಾ, ಆಮೇಲೆ ದೂರದ ನೆಂಟರು, ಎಲ್ಲೂ ಆಗದಿದ್ದರೆ ರಾತ್ರಿ ಬಸ್ಸಿನಲ್ಲಿ ಈ ತುದಿಯಿಂದ ಆ ತುದಿ. ಶಾನ್ ಬೇಕರ್ ಅವರ ‘ದ ಫ್ಲಾರಿಡಾ ಪ್ರಾಜೆಕ್ಟ್’ 2017ರಲ್ಲಿ ಮೋಟೆಲ್ ರೂಮಿನಲ್ಲಿ ದಿನ ದೂಡುವ ತಾಯಿ ಮಗಳನ್ನು ತೋರಿಸಿತ್ತು. ತಲೆ ಮೇಲೆ ಸೂರಿದೆ, ಮನೆ ಇಲ್ಲ. ಅದನ್ನೂ ನೋಡಿದ್ದೆ, ಮೆಚ್ಚಿದ್ದೆ. ಆದರೂ ಬರೆಯಲು ಕೂತಾಗ ಕೈ ಹಳೇ ಫುಟ್‌ಪಾತಿಗೇ ಹೋಯಿತು.

ಮತ್ತೆ ಮೊದಲಿಂದ ಶುರು ಮಾಡಿದೆವು. ನಾಲ್ಕು ತಿಂಗಳು, ವಾರಕ್ಕೊಂದು ಸಲ, ಎರಡು ಗಂಟೆ. ಅವನ ಸಮಯಕ್ಕೆ ದುಡ್ಡು ಕೊಟ್ಟೆ. ಬಜೆಟ್ಟಿನಲ್ಲಿ ಕ್ಯಾಮೆರಾ ಬಾಡಿಗೆಯ ಮೇಲಿನ ಸಾಲೇ ಅದು. ಇದನ್ನು ದೊಡ್ಡತನಕ್ಕೆ ಹೇಳುತ್ತಿಲ್ಲ. ಸುಮ್ನೆ ಕತೆ ಕೇಳಿಸಿಕೊಂಡು ಹೋಗುವವರನ್ನು ಅವನು ಆಗಲೇ ಸಾಕಷ್ಟು ನೋಡಿದ್ದ.

ಮೊದಲ ದಿನ ನಾನು ಕೇಳಿದ ಪ್ರಶ್ನೆ, ಮನೆ ಯಾಕೆ ಬಿಟ್ಟೆ ಅಂತ. ಅವನು ನಕ್ಕ. “ಅದಕ್ಕೆ ನನ್ನ ಹತ್ರ ಮೂರು ಉತ್ತರ ಇದೆ. ಯಾವುದು ಬೇಕು?” ಎಲ್ಲರೂ ಅದನ್ನೇ ಕೇಳಿ ಕೇಳಿ ಉತ್ತರ ಬಾಯಿಪಾಠ ಆಗಿತ್ತು. ಆ ಪ್ರಶ್ನೆ ಬಿಟ್ಟೆ. ಬೆಳಿಗ್ಗೆ ಎದ್ದ ಮೇಲೆ ಏನೇನು ಮಾಡುತ್ತಿದ್ದೆ, ಗಂಟೆ ಗಂಟೆಗೂ ಹೇಳು ಅಂದೆ. ಆಗ ಬಂತು ನೋಡಿ ಟವೆಲ್ಲಿನ ಮಾತು.

ಸ್ನಾನಕ್ಕೆ ಜಾಗ ಹೇಗೋ ಸಿಗುತ್ತದೆ. ನಿಲ್ದಾಣದಲ್ಲಿ, ಗೆಳೆಯನ ಮನೆಯಲ್ಲಿ. ಕಷ್ಟ ಇರೋದು ಆಮೇಲೆ. ಒದ್ದೆ ಟವೆಲ್ ಎಲ್ಲಿ ಒಣಗಿಸೋದು? ಗೆಳೆಯನ ಮನೆಯಲ್ಲಿ ಹರವಿದರೆ ಅವರಮ್ಮನಿಗೆ ‘ಇವನು ಇಲ್ಲೇ ಇರ್ತಾನೆ’ ಅನ್ನೋದು ಗೊತ್ತಾಗಿಬಿಡುತ್ತದೆ. ಬ್ಯಾಗಿಗೆ ತುರುಕಿದರೆ ಸಂಜೆ ಹೊತ್ತಿಗೆ ಇದ್ದ ಬಟ್ಟೆಗೆಲ್ಲ ಮುಗ್ಗಲು ವಾಸನೆ. ಪಕ್ಕದಲ್ಲಿ ಕೂತವರು ಮೂಗು ಎಳೆದರೆ ಎದ್ದು ಹೋಗಬೇಕು. ಅದಕ್ಕೇ ಅವನು ಟವೆಲ್ಲನ್ನು ನಾಲ್ಕು ತುಂಡು ಮಾಡಿಕೊಂಡಿದ್ದ. ಒಂದು ತುಂಡು ಬೇಗ ಒಣಗುತ್ತದೆ. ಲೈಬ್ರರಿಯ ಕುರ್ಚಿ ಬೆನ್ನಿಗೆ ಹಾಕಿ ಅದರ ಮೇಲೆ ಶರ್ಟ್ ಹೊದಿಸಿದರೆ ಯಾರಿಗೂ ಕಾಣುವುದಿಲ್ಲ.

ಫುಟ್‌ಪಾತ್ ಹೋಯಿತು, ಮಳೆ ಹೋಯಿತು. ಚಿತ್ರ ಈಗ ಒಬ್ಬ ಹುಡುಗ ಟವೆಲ್ ಕತ್ತರಿಸುವುದರಿಂದ ಶುರುವಾಗುತ್ತದೆ. ರಾತ್ರಿ ದೃಶ್ಯಗಳೂ ಹೆಚ್ಚುಕಮ್ಮಿ ಎಲ್ಲ ಹೋದವು. ಅವನ ಲೆಕ್ಕದಲ್ಲಿ ರಾತ್ರಿಗಿಂತ ಹಗಲೇ ಉದ್ದ. ಬೆಳಿಗ್ಗೆ ಏಳಕ್ಕೆ ಸೋಫಾ ಖಾಲಿ ಮಾಡಿದರೆ ರಾತ್ರಿ ಹತ್ತರವರೆಗೆ ಎಲ್ಲೋ ಒಂದು ಕಡೆ, ಏನೋ ಒಂದು ಕಾರಣ ಹೇಳಿಕೊಂಡು, ಕೂತಿರಬೇಕಲ್ವಾ?

ಪಾತ್ರಕ್ಕೆ ಯಾರು ಅನ್ನುವುದರಲ್ಲಿ ನಾನು ಜಾಸ್ತಿ ತಲೆಕೆಡಿಸಿಕೊಂಡೆ. ನಿಜವಾಗಿ ಮನೆಯಿಲ್ಲದ ಹುಡುಗನನ್ನೇ ಹಾಕು ಅಂತ ಎರಡು ಮೂರು ಜನ ಹೇಳಿದರು. ‘ಸಲಾಂ ಬಾಂಬೆ’ಯಲ್ಲಿ ಬೀದಿಯ ಮಕ್ಕಳೇ ನಟಿಸಿದ್ದರು. ಅದಕ್ಕೂ ಮೊದಲು ಅವರಿಗೆ ವಾರಗಟ್ಟಲೆ ಕಮ್ಮಟ ನಡೆದಿತ್ತು, ಚಿತ್ರದ ಬೆನ್ನಿಗೇ ಅಂಥ ಮಕ್ಕಳಿಗಾಗಿ ಸಲಾಂ ಬಾಲಕ್ ಟ್ರಸ್ಟ್ ಹುಟ್ಟಿಕೊಂಡಿತು. ಇನ್ನೊಂದು ಕಡೆ 1980ರ ಬ್ರೆಜಿಲ್ ಚಿತ್ರ ‘ಪಿಶೋಟೆ’. ಅದರ ಮುಖ್ಯ ಪಾತ್ರ ಮಾಡಿದ ಬಡ ಹುಡುಗ ಫರ್ನಾಂಡೊ ರಾಮೋಸ್ ಡ ಸಿಲ್ವ ಪ್ರಪಂಚಕ್ಕೆಲ್ಲ ಪರಿಚಯವಾದ. 1987ರಲ್ಲಿ ಪೊಲೀಸರ ಗುಂಡಿಗೆ ಸತ್ತ. ಹತ್ತೊಂಬತ್ತು ವರ್ಷ. ಸಿನಿಮಾದಿಂದ ಹಾಗಾಯಿತು ಅಂತಲ್ಲ. ಆದರೆ ಸಿನಿಮಾ ಅವನನ್ನು ಉಳಿಸಲೂ ಇಲ್ಲ.

ನನ್ನ ಹತ್ತಿರ ಇದ್ದದ್ದು ಹತ್ತು ದಿನದ ಶೂಟಿಂಗಿಗೆ ಆಗುವಷ್ಟು ದುಡ್ಡು. ಹತ್ತು ದಿನ ಒಬ್ಬ ಹುಡುಗನನ್ನು ಎಲ್ಲರ ನಡುವೆ ಕೂರಿಸಿ, ಹನ್ನೊಂದನೇ ದಿನ ಎಲ್ಲಿಗೆ ಕಳಿಸಲಿ? ನಾಟಕದ ಹುಡುಗನೊಬ್ಬನನ್ನು ಹಾಕಿಕೊಂಡೆ. ಮನೆ ಇರುವವನು. ಎಲ್ಲರೂ ಹೀಗೇ ಮಾಡಬೇಕು ಅಂತ ನಾನು ಹೇಳಲಾರೆ. ಆಮೇಲಿನ ದಿನಗಳಿಗೂ ದುಡ್ಡು, ಜನ ಇದ್ದಿದ್ದರೆ ಬೇರೆ ಥರ ಯೋಚಿಸುತ್ತಿದ್ದೆನೋ ಏನೋ.

ಮೊದಲ ದಿನವೇ ಎಡವಟ್ಟಾಯಿತು. ಹುಡುಗನ ಬೆನ್ನಿಗೆ ದೊಡ್ಡ ಬ್ಯಾಗು. ಆರ್ಟ್ ವಿಭಾಗದವರು ಅದರೊಳಗೆ ಹಳೇ ಪೇಪರ್ ತುಂಬಿದ್ದರು. ಮಾನಿಟರಿನಲ್ಲಿ ನನಗೆ ಏನೂ ಅನ್ನಿಸಲಿಲ್ಲ. ‘ಅವನು’ ನನ್ನ ಹಿಂದೆ ನಿಂತು ನೋಡುತ್ತಿದ್ದ. ಮೂರನೇ ಟೇಕಿಗೆ ಮೆಲ್ಲಗೆ ಅಂದ, “ಇವನು ಸ್ಕೂಲಿಗೆ ಹೋಗ್ತಿದ್ದಾನೆ.”

ಶೂಟಿಂಗ್ ನಿಲ್ಲಿಸಿದೆವು. ಅರ್ಧ ದಿನ ಹೋಯಿತು. ಬ್ಯಾಗಿನಲ್ಲಿ ಏನಿರಬೇಕು ಅಂತ ಅವನೇ ಒಂದೊಂದಾಗಿ ತುಂಬಿದ: ಮೂರು ಜೊತೆ ಬಟ್ಟೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಒಳ್ಳೆ ಶೂ, ಕೆಲಸದ ಸಂದರ್ಶನಕ್ಕೆ ಅಂತ. ಚಾರ್ಜರ್ ಎರಡು, ಒಂದು ಕೆಟ್ಟರೆ ಇನ್ನೊಂದಿರಲಿ ಅಂತ. ನೀರಿನ ಬಾಟಲಿ. ದಪ್ಪನೆ ಹೊದಿಕೆ. ಬೆನ್ನಿಗೆ ತಾಗುವ ಕಡೆ, ಮಡಚಿಕೊಳ್ಳದ ಹಾಗೆ, ಅಂಕಪಟ್ಟಿಗಳ ಫೈಲು. ಒಟ್ಟು ಒಂಬತ್ತು ಕಿಲೋ. ಮಧ್ಯಾಹ್ನದ ಹೊತ್ತಿಗೆ ನಟನ ಎಡ ಭುಜ ತಾನಾಗಿ ಇಳಿದಿತ್ತು. ಕೂರುವಾಗ ಮೊದಲು ಬ್ಯಾಗಿಗೆ ಜಾಗ ಹುಡುಕತೊಡಗಿದ. ನಾನು ಹೇಳಿಕೊಟ್ಟು ಮಾಡಿಸಿದ್ದರೆ ಅದು ಬರುತ್ತಿರಲಿಲ್ಲ. ಮೇಕಪ್ ಕಿಟ್ ಮಾತ್ರ ಹತ್ತು ದಿನವೂ ಮುಚ್ಚಿದ ಹಾಗೇ ಇತ್ತು.

ಕ್ಯಾಮೆರಾ ವಿಷಯದಲ್ಲಿ ಒಂದೇ ನಿಯಮ: ಮಲಗಿದವನನ್ನು ಮೇಲಿನಿಂದ ತೋರಿಸಬಾರದು. ಸಂಗೀತ ಹಾಕಿಸಿ, ಕೇಳಿ, ತೆಗೆದುಬಿಟ್ಟೆ.

ಕೊನೆಯ ದೃಶ್ಯಕ್ಕೆ ಜಗಳವೇ ಆಯಿತು. ದುಡ್ಡು ಹಾಕಿದವರಿಗೆ ಅಮ್ಮ ಮಗ ಒಂದಾಗಬೇಕಿತ್ತು. ನೋಡುವವರು ಕಣ್ಣೊರೆಸಿಕೊಂಡು ಮನೆಗೆ ಹೋಗಬೇಕಲ್ಲ! ಈ ಒತ್ತಡ ಹೊಸದೇನಲ್ಲ. ‘ಲಾಸ್ ಒಲ್ವಿದಾದೋಸ್’ನ ಕೊನೆಯಲ್ಲಿ ಪೆದ್ರೊ ಅನ್ನೋ ಹುಡುಗನ ಹೆಣವನ್ನು ಕಸದ ರಾಶಿಗೆ ಎಸೆಯುತ್ತಾರೆ. ಆ ಚಿತ್ರಕ್ಕೂ ಪೆದ್ರೊ ಬದುಕುಳಿಯುವ ಇನ್ನೊಂದು ಕೊನೆಯನ್ನು ಚಿತ್ರಿಸಿಟ್ಟಿದ್ದರು, ಎಷ್ಟೋ ವರ್ಷದ ಮೇಲೆ ಅದು ಸಿಕ್ಕಿತು. ನನಗೆ ಎರಡೂ ಬೇಡವಾಗಿತ್ತು. ಹೆಣವೂ ಬೇಡ, ಅಪ್ಪುಗೆಯೂ ಬೇಡ. ರೂಮು ಸಿಕ್ಕ ಮೊದಲ ರಾತ್ರಿ ಏನು ಮಾಡಿದೆ ಅಂತ ಅವನನ್ನೇ ಕೇಳಿದೆ.

“ನಿದ್ದೆ ಬರಲಿಲ್ಲ. ಬ್ಯಾಗು ತಲೆ ಕೆಳಗೇ ಇತ್ತು. ಬೆಳಿಗ್ಗೆ ಹೊಸ ಟವೆಲ್ ತಂದೆ, ಪೂರ್ತಿ ಉದ್ದದ್ದು. ಕಿಟಕಿ ಸರಳಿಗೆ ಹಾಕಿ ಅದನ್ನೇ ನೋಡ್ತಾ ಕೂತಿದ್ದೆ.”

ಅದನ್ನೇ ಚಿತ್ರಿಸಿದೆವು. ಐವತ್ತು ಸೆಕೆಂಡು, ಒಂದೇ ಶಾಟ್. ದುಡ್ಡು ಹಾಕಿದವರು ಒಂದು ವಾರ ಮಾತಾಡಲಿಲ್ಲ, ಆಮೇಲೆ ಒಪ್ಪಿದರು.

ಚಿತ್ರ ಮುಗಿದ ಮೇಲೆ ಮೊದಲು ತೋರಿಸಿದ್ದು ಅವನಿಗೆ. ನಾವಿಬ್ಬರೇ, ಒಂದು ಲ್ಯಾಪ್‌ಟಾಪ್. ಇಪ್ಪತ್ತೆರಡು ನಿಮಿಷ ಅವನು ಏನೂ ಹೇಳಲಿಲ್ಲ. ಮುಗಿದ ಮೇಲೆ ಹದಿನಾಲ್ಕನೇ ನಿಮಿಷಕ್ಕೆ ಹಿಂದೆ ಹೋಗಿ ಅಂದ. ಹುಡುಗ ಬೆಂಚಿನ ಮೇಲೆ ಕಣ್ಣು ಮುಚ್ಚಿ ಒರಗಿದ್ದಾನೆ, ಬ್ಯಾಗು ಪಕ್ಕದಲ್ಲಿದೆ.

“ಬ್ಯಾಗಿನ ಪಟ್ಟಿ ಕಾಲಿಗೆ ಸುತ್ತಿಕೊಂಡಿಲ್ಲ” ಅಂದ. “ಹೀಗೆ ಯಾರೂ ಮಲಗಲ್ಲ ಅಕ್ಕಾ.”

ಆ ಶಾಟ್ ಮತ್ತೆ ತೆಗೆಯಲು ದುಡ್ಡಿರಲಿಲ್ಲ. ಚಿತ್ರದಲ್ಲಿ ಇವತ್ತಿಗೂ ಹಾಗೇ ಇದೆ. ಪ್ರತಿ ಪ್ರದರ್ಶನದಲ್ಲೂ ಹದಿನಾಲ್ಕನೇ ನಿಮಿಷಕ್ಕೆ ನಾನು ಕಾಲ ಕೆಳಗೆ ನೋಡುತ್ತಾ ಕೂರುತ್ತೇನೆ.