ಸ್ವೀಟ್ ಹೋಮ್ ತ್ರೀಡಿಲಿ ಹಾಲ್ ಕತ್ತಲೆ ಕಾಣ್ತಿದ್ಯಾ? ಮೊದಲು ಸೂರ್ಯನ್ನ ಸರಿ ಮಾಡಿ

ಥಾಣೆ, ಡೊಂಬಿವ್ಲಿ ಕಡೆ ಫ್ಲಾಟ್ ರಿನೊವೇಷನ್ ಮಾಡಿಸೋ ನಮ್ಮವ್ರು ಸುಮಾರು ಜನ ಸ್ವೀಟ್ ಹೋಮ್ ತ್ರೀಡಿ ಅನ್ನೋ ಮನೆ ಪ್ಲಾನ್ ಬಿಡಿಸೋ ಸಾಫ್ಟ್‌ವೇರ್ ಹಾಕ್ಕೊಂಡಿರ್ತಾರೆ, ಫ್ರೀ ಬೇರೆ, ಪ್ಲಾನ್ ಬಿಡಿಸಿ ನೋಡಿದ್ರೆ ಹಾಲ್ ಮಂಕಾಗಿರತ್ತೆ, ಸರಿ ಅಂತ ಲೈಟ್ ಮೇಲೆ ಲೈಟ್ ತುಂಬೋದು. ಸ್ವಲ್ಪ ತಡೀರಿ, ಸೂರ್ಯ ಎಲ್ಲಿದ್ದಾನೆ ಅಂತ ಅದು ಮನೆ ಇರೋ ಜಾಗ, ದಿಕ್ಕು ನೋಡಿ ಲೆಕ್ಕ ಹಾಕತ್ತೆ, ಮೊದಲು ಅವನ್ನ ಸರಿಯಾಗಿ ಕೊಡಿ.

ಪ್ಲಾನ್‌ನಲ್ಲಿರೋ ಕಂಪಾಸ್ ಮೇಲೆ ಡಬಲ್ ಕ್ಲಿಕ್ ಮಾಡಿ, ಅಕ್ಷಾಂಶ ರೇಖಾಂಶ ಕೇಳತ್ತೆ. ಮುಂಬೈಗೆ 19.07, 72.88, ಪುಣೆಗೆ 18.52, 73.86, ಟೈಮ್ ಝೋನ್ ಇಂಡಿಯಾದ್ದೇ ಇದ್ಯಾ ನೋಡ್ಕೊಳ್ಳಿ. ಉತ್ತರ ದಿಕ್ಕಿಗೆ ಬ್ರೋಷರ್ ನಂಬ್ಕೊಂಡು ಕೂರ್ಬೇಡಿ, ಫೋನ್ ಕಂಪಾಸೂ ಕಬ್ಬಿಣದ ಹತ್ರ ದಾರಿ ತಪ್ಪತ್ತೆ, ಮ್ಯಾಪಿನ ಸ್ಯಾಟಲೈಟ್ ವ್ಯೂಲಿ ನಿಮ್ಮ ಬಿಲ್ಡಿಂಗ್ ಯಾವ ಕಡೆ ತಿರುಗಿದೆ ನೋಡಿ ಡಿಗ್ರಿ ಹಾಕಿ.

ಆಮೇಲೆ, ಪಕ್ಕದ ಟವರ್. ಇದನ್ನ ಯಾರೂ ಹಾಕಲ್ಲ, ಆದ್ರೆ ಮುಂಬೈಲಿ ಅರ್ಧ ಬೆಳಕು ತಿನ್ನೋದೇ ಅದು. ಫರ್ನಿಚರ್ ಕ್ಯಾಟಲಾಗಲ್ಲಿರೋ ಬಾಕ್ಸ್ ತಂದು, ಟವರ್ ನಿಜವಾಗಿ ಎಷ್ಟು ದೂರ ಇದ್ಯೋ ಅಷ್ಟೇ ದೂರದಲ್ಲಿ ಕಿಟಕಿ ಎದುರು ಇಡಿ. ಪ್ಲಾನಲ್ಲಿ ನಿಮ್ಮ ಫ್ಲೋರೇ ನೆಲ, ಹಾಗಾಗಿ ಅದರಿಂದ ಮೇಲಿರೋ ಎತ್ತರ ಮಾತ್ರ ಲೆಕ್ಕ: ನೀವು ನಾಲ್ಕನೇ ಮಹಡಿ, ಎದುರಿನದು ಏಳು ಮಹಡಿ ಅಂದ್ರೆ, ಮಹಡಿಗೆ 3 ಮೀಟರ್ ಹಿಡಿದು ಸುಮಾರು 12 ಮೀಟರ್ ಕೊಟ್ರೆ ಸಾಕು.

ತ್ರೀಡಿ ವ್ಯೂ ಸೆಟ್ಟಿಂಗಲ್ಲಿ ಬ್ರೈಟ್‌ನೆಸ್ ಸ್ಲೈಡರ್ ಇದೆ, ಅದು ಬರೀ ನಮ್ಮ ಕಣ್ಣಿಗೆ, ನಿಜವಾದ ನೆರಳು ಬೇಕಂದ್ರೆ ಕ್ರಿಯೇಟ್ ಫೋಟೋಗೇ ಹೋಗ್ಬೇಕು. ಅಲ್ಲಿ ಕ್ವಾಲಿಟಿಗಿರೋ ನಾಲ್ಕು ಲೆವೆಲ್‌ನಲ್ಲಿ ಕೊನೆಯ ಎರಡರಲ್ಲೊಂದು ಆರಿಸಿದ್ರೆ ಮಾತ್ರ ತಾರೀಖು, ಟೈಮು, ಲೈಟು ಎಲ್ಲ ಕೆಲಸ ಮಾಡತ್ತೆ. ರೂಮಿಗೆ ಸೀಲಿಂಗ್ ಇದ್ಯಾ ನೋಡಿ, ಇಲ್ದಿದ್ರೆ ಬಿಸಿಲು ಮೇಲಿಂದಾನೇ ಸುರಿಯತ್ತೆ.

ತಾರೀಖು ಎರಡಾದ್ರೂ ನೋಡಿ. ಡಿಸೆಂಬರ್ 21ರ ಮಧ್ಯಾಹ್ನ ಇಲ್ಲಿ ಸೂರ್ಯ ದಕ್ಷಿಣಕ್ಕೆ ಸುಮಾರು 47 ಡಿಗ್ರಿ ಎತ್ತರದಲ್ಲಿರ್ತಾನೆ, ದಕ್ಷಿಣದ ಬಾಲ್ಕನಿಯಿಂದ ಬಿಸಿಲು ಒಳಗೆ ಬರತ್ತೆ. ಮೇ ಮಧ್ಯಕ್ಕೆ ನೆತ್ತಿ ಮೇಲೇ ಇರ್ತಾನೆ, ಅದೇ ಬಾಲ್ಕನಿಗೆ ಏನೂ ಇಲ್ಲ, ಪಶ್ಚಿಮದ ಬೆಡ್‌ರೂಮಿಗೆ ಮಾತ್ರ ಸಂಜೆ ನಾಲ್ಕೂವರೆಗೆ ಸುಡುಬಿಸಿಲು. ಪರದೆ ಎಲ್ಲಿಗೆ ಬೇಕು ಅಂತ ಅಲ್ಲೇ ಗೊತ್ತಾಗತ್ತೆ, ಇಂಟೀರಿಯರ್ ಅವ್ರನ್ನ ಕೇಳ್ಬೇಕಿಲ್ಲ!

ಈಗ ಲೈಟು. ದೀಪದ ಮೇಲೆ ಡಬಲ್ ಕ್ಲಿಕ್ ಮಾಡಿದ್ರೆ ಲೈಟ್ ಪವರ್ ಪರ್ಸೆಂಟಲ್ಲಿರತ್ತೆ, ಟೈಮ್ ರಾತ್ರಿ ಎಂಟಕ್ಕೆ ಇಟ್ಟು ಒಂದೊಂದೇ ಏರಿಸಿ. ಕ್ರಿಯೇಟ್ ಫೋಟೋಲಿರೋ ಆಡ್ ಸೀಲಿಂಗ್ ಲೈಟ್ಸ್ ಟಿಕ್ ತೆಗೀರಿ, ಅದಿದ್ರೆ ಸಾಫ್ಟ್‌ವೇರೇ ಸೀಲಿಂಗಿಗೆ ಲೈಟ್ ಸೇರಿಸತ್ತೆ, ನಿಮ್ಮ ದೀಪದ ನಿಜವಾದ ಬೆಳಕು ಎಷ್ಟು ಅಂತ ತಿಳಿಯಲ್ಲ. ಟ್ರಯಲ್‌ಗೆ ಚಿಕ್ಕ ಸೈಜು, ಮೂರನೇ ಲೆವೆಲ್ ಸಾಕು, ನಾಲ್ಕನೇದು ಹಳೇ ಲ್ಯಾಪ್‌ಟಾಪಲ್ಲಿ ಗಂಟೆಗಟ್ಟಲೆ ತಗೊಳ್ಳತ್ತೆ, ಅದನ್ನ ರಾತ್ರಿ ಮಲಗೋ ಮುಂಚೆ ಹಾಕಿಬಿಡಿ.