ಸಿಪಿಲೆ ಹೊರಟ ದಿನ

ವಲಸೆ ಹಕ್ಕಿ ಬಂದ ದಿನ ಬರೆದಿಡುವುದು ಸುಲಭ, ಹೋದ ದಿನ ಹಿಡಿಯುವುದೇ ಕಷ್ಟ. ಸೆಪ್ಟೆಂಬರ್‌ನಲ್ಲಿ ನಮ್ಮ ತೋಟದ ಹಳ್ಳದ ಕಲ್ಲಿನ ಮೇಲೆ ಬೂದು ಸಿಪಿಲೆ ಬಾಲ ಕುಣಿಸಿತೆಂದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಏಪ್ರಿಲ್‌ನಲ್ಲಿ ಅದು ಯಾವಾಗ ಹೋಯಿತು ಅಂತ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ನಾನು ಫೆಬ್ರವರಿ ಕೊನೆಯಿಂದ ಕಂಡದ್ದರ ಜೊತೆಗೆ ಕಾಣದ್ದನ್ನೂ ಬರೆಯುತ್ತೇನೆ. ದಿನಾ ಒಂದೇ ಹೊತ್ತು, ಒಂದೇ ದಾರಿ: ಕಾಫಿ ಕಣದಿಂದ ಹಳ್ಳದ ಮೋರಿವರೆಗೆ. ‘ಸಿಪಿಲೆ ಇಲ್ಲ’ ಅನ್ನುವ ಸಾಲು ವಾರವಿಡೀ ಬಂದ ಮೇಲಷ್ಟೇ ಅದರ ಹಿಂದಿನ ತಾರೀಕನ್ನು ಹೊರಟ ದಿನವೆಂದು ಒಪ್ಪುತ್ತೇನೆ.

ಹೊರಡುವ ಸೂಚನೆ ಹಕ್ಕಿಯ ಮೈಮೇಲೇ ಇರುತ್ತದೆ. ಚಳಿಗಾಲವೆಲ್ಲ ಬೆಳ್ಳಗಿದ್ದ ಗಂಡಿನ ಗಂಟಲಲ್ಲಿ ಮಾರ್ಚ್ ಹೊತ್ತಿಗೆ ಕಪ್ಪು ಚುಕ್ಕೆಚುಕ್ಕೆಯಾಗಿ ಮೂಡುತ್ತದೆ, ಹೊಟ್ಟೆಯ ಹಳದಿ ಗಾಢವಾಗುತ್ತದೆ. ಹಿಮಾಲಯದಲ್ಲೋ ಅದರಾಚೆಗೋ ಮರಿ ಮಾಡುವ ಹಕ್ಕಿ ಮದುವೆಯ ಉಡುಪು ತೊಡುವುದು ನಮ್ಮ ಹಳ್ಳದಲ್ಲಿ! ಎಷ್ಟು ವರ್ಷ ನೋಡಿದರೂ ನನಗೆ ಇದು ಹಳತಾಗಿಲ್ಲ. ಕಪ್ಪು ಗಂಟಲು ಕಂಡ ಮೇಲೆ ಒಂದು ಬೆಳಗನ್ನೂ ತಪ್ಪಿಸುವುದಿಲ್ಲ.

ಬೇಟೆ ಹಕ್ಕಿಗಳಿಗಾದರೆ ಗಾಳಿ ಬೇಕು, ಗಿರಿಗೇ ಹೋಗಬೇಕು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಜನಜಂಗುಳಿ, ಹಾಗಾಗಿ ಸೀತಾಳಯ್ಯನಗಿರಿ ಕಡೆ ಗಾಳಿಗೆ ಎದುರಾದ ಮಗ್ಗುಲಲ್ಲಿ ಕೂರುತ್ತೇನೆ. ಇಳಿಜಾರಿಗೆ ಬಡಿದ ಗಾಳಿ ಮೇಲಕ್ಕೇಳುವುದರಿಂದ ಹಕ್ಕಿಗಳು ಅಲ್ಲಿ ಕಣ್ಣಿನ ಮಟ್ಟದಲ್ಲೇ ತೇಲುತ್ತವೆ. ತೀರಾ ಬೇಗ ಹೋಗಿ ಪ್ರಯೋಜನವಿಲ್ಲ, ಬಿಸಿಲಿಗೆ ನೆಲ ಕಾಯಬೇಕು. ಕೆಸ್ಟ್ರೆಲ್ ಎಂಬ ಪುಟ್ಟ ಬೇಟೆ ಹಕ್ಕಿ ಬಾಲ ಅಗಲಿಸಿ, ತಲೆ ಅಲುಗಿಸದೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವುದನ್ನು ನೋಡುತ್ತಾ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆದರೆ ಅದನ್ನು ವಲಸೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಯಾಕೆಂದರೆ ಪಶ್ಚಿಮ ಘಟ್ಟದಲ್ಲೇ ನೆಲೆಸಿದ ಕೆಸ್ಟ್ರೆಲ್‌ಗಳೂ ಇವೆ. ನನ್ನ ಲೆಕ್ಕ ಹ್ಯಾರಿಯರ್‌ಗಳದ್ದು. ರೆಕ್ಕೆ ತುಸು ಮೇಲೆತ್ತಿ ಹುಲ್ಲಿನ ಮೇಲೆ ತಗ್ಗಿನಲ್ಲಿ ಸಾಗುವ ಇವು ಕಜಕಿಸ್ತಾನದಂಥ ದೂರದ ಹುಲ್ಲುಗಾವಲುಗಳಲ್ಲಿ ಮರಿ ಮಾಡುವಂಥವು.

ಸಂಜೆ ಎಲ್ಲವನ್ನೂ ಇ-ಬರ್ಡ್‌ಗೆ, ಅಂದರೆ ಹಕ್ಕಿ ನೋಡುವವರು ತಮ್ಮ ಪಟ್ಟಿ ಸೇರಿಸುವ ಜಾಲತಾಣಕ್ಕೆ, ಹಾಕುತ್ತೇನೆ. ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಎಂದು ಅದು ಕೇಳುತ್ತದೆ. ನಿಜವಾಗಿ ಬರೆದಿದ್ದರೆ ‘ಹೌದು’ ಅನ್ನಿ, ಆಗಲೇ ಪಟ್ಟಿಯಲ್ಲಿ ಇಲ್ಲದ ಸಿಪಿಲೆಗೂ ಅರ್ಥ ಬರುವುದು. ಮೂಡಿಗೆರೆ, ಕೊಪ್ಪ, ಸಕಲೇಶಪುರದ ತೋಟದವರು ಈ ಮಾರ್ಚ್‌ನಿಂದ ತಮ್ಮ ಹಳ್ಳದ ಪಟ್ಟಿಯನ್ನೂ ಸೇರಿಸಿದರೆ ಯಾವ ಊರಿನ ಸಿಪಿಲೆ ಮೊದಲು ಹೊರಡುತ್ತದೆಂದು ಹೋಲಿಸಿ ನೋಡಬಹುದು.